ದೊಡ್ಡ ಡಾಕ್ಟರ ಪಾಲು

ನಾನು ಚಿಕ್ಕವನಿದ್ದಾಗ ಒಂದು ಕಡವೆಯ ವಿಷಯಕ್ಕೆ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ. ಇಂಗ್ಲೆಂಡಿನ ದೊಡ್ಡ ಜಾತಿಯ ಕೆಂಪು ಜಿಂಕೆಯನ್ನು ನಮ್ಮ ಮನೆಯಲ್ಲಿ ಕಡವೆ ಎಂದೇ ಕರೆಯುತ್ತಿದ್ದೆವು. ಅದು ನಡೆದು ಐವತ್ತಕ್ಕೂ ಹೆಚ್ಚು ವರ್ಷವಾಯಿತು. ಅಷ್ಟು ಹಳೆಯ ಕೋಪವನ್ನು ನಂಬಬಹುದೇ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮ್ಯಾಕಲ್ಸ್‌ಫೀಲ್ಡ್‌ನ ಔಷಧ ಕಾರ್ಖಾನೆಯಲ್ಲಿ ನಾನು ಆಯುಸ್ಸೆಲ್ಲ ಮಾಡಿದ್ದು ಗುಳಿಗೆಗಳನ್ನು ಪರೀಕ್ಷಿಸುವ ಕೆಲಸ. ಡಬ್ಬಿಯ ಮೇಲೆ ಬರೆದಿರುವುದೇ ಡಬ್ಬಿಯೊಳಗೂ ಇದೆ ಎಂದು ಒಂದು ದಿನವೂ ನಂಬಿದವನಲ್ಲ. ಇನ್ನು ನನ್ನ ನೆನಪನ್ನು ಹೇಗೆ ನಂಬಲಿ? ಆದರೂ ಇದನ್ನು ಹೇಳದೆ ಇರಲಾರೆ. ಹೋದ ಶನಿವಾರ ನಮ್ಮ ಗ್ಯಾರೇಜಿನಲ್ಲಿ ನಡೆದ ಮಾತು ಅಂಥದ್ದು.

ಗ್ಯಾರೇಜಿನಲ್ಲಿ ಒಂದು ಹೊಸ ಫ್ರೀಜರ್ ಬಂದಿದೆ. ನನ್ನ ಅಳಿಯ, ಅಂದರೆ ನನ್ನ ಮೊಮ್ಮಕ್ಕಳ ಅಪ್ಪ, ಹೋದ ವರ್ಷ ಬೇಟೆ ಕಲಿತ. ತರಗತಿಗೆ ಹೋದ, ಪರೀಕ್ಷೆ ಬರೆದ, ಪೊಲೀಸರಿಂದ ಪರವಾನಗಿ ತಂದ. ಇಲ್ಲಿನ ಕಾಡುಗಳಲ್ಲಿ ಜಿಂಕೆಗಳ ಸಂಖ್ಯೆ ಹೆಚ್ಚಿ ಅವು ಎಳೆಯ ಗಿಡಗಳನ್ನೆಲ್ಲ ತಿಂದು ಬೋಳು ಮಾಡುತ್ತಿವೆ, ಆದ್ದರಿಂದ ಇಂತಿಷ್ಟು ಎಂದು ಹೊಡೆಸುತ್ತಾರೆ. ಈ ಸಲ ಅವನ ಕೈ ಚೆನ್ನಾಗಿ ಕುದುರಿತು. ಯಾರ್ಕ್‌ಷೈರಿನಲ್ಲಿ ಮೂರು ಜಿಂಕೆ ಹೊಡೆದ. ಆಮೇಲೆ ಒಂದು ವಾರ ಸ್ವೀಡನ್‌ಗೆ ಹೋಗಿ ಒಂದು ಮೂಸ್ ಹೊಡೆದ. ಮೂಸ್ ಎಂದರೆ ಕುದುರೆಗಿಂತ ಎತ್ತರ, ಒಂಟೆಯ ಮೂತಿ, ಮೊರದಷ್ಟು ಅಗಲದ ಕೊಂಬು. ಅದರ ಮಾಂಸವನ್ನು ಗಡಿ ದಾಟಿಸುವಂತಿಲ್ಲವಂತೆ, ಫೋಟೋ ಮಾತ್ರ ತಂದ. ಜಿಂಕೆಗಳು ಮಾತ್ರ ಗಾಳಿ ತೆಗೆದ ಪ್ಲಾಸ್ಟಿಕ್ ಚೀಲಗಳಲ್ಲಿ, ಮೇಲೊಂದೊಂದು ಚೀಟಿ ಅಂಟಿಸಿಕೊಂಡು, ಫ್ರೀಜರಿನಲ್ಲಿ ಸಾಲಾಗಿ ಮಲಗಿವೆ.

ಅಳಿಯ ಆ ಚೀಲಗಳನ್ನು ಕಾರಿನಿಂದ ಇಳಿಸುತ್ತಿದ್ದಾಗ ಎದುರುಮನೆಯವನು ತನ್ನ ಬೇಲಿಯ ಮೇಲಿಂದ ಇಣುಕಿದ. ನಮ್ಮ ಕಸದ ಬಿನ್ನು ಒಂದು ಗೇಣು ರಸ್ತೆಗೆ ಬಂದರೂ ಕೌನ್ಸಿಲ್‌ಗೆ ದೂರು ಬರೆಯುವ ಮಹಾನುಭಾವ ಅವನು. ನಮ್ಮ ಒಗ್ಗರಣೆಯ ವಾಸನೆಯ ಮೇಲೂ ಒಮ್ಮೆ ಬರೆದಿದ್ದ. “ಏನದು, ಯಾರದಾದರೂ ಹೆಣವೇ?” ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕು ಒಳಗೆ ಹೋದ.

ಒಂಬತ್ತು ವರ್ಷದ ಮೊಮ್ಮಗಳು ಚೀಲಗಳನ್ನು ಜೋಡಿಸುತ್ತಿದ್ದಳು. ಆರು ವರ್ಷದ ಮೊಮ್ಮಗ ಫ್ರೀಜರಿನ ತಣ್ಣನೆಯ ಹೊಗೆಗೆ ಮುಖ ಒಡ್ಡಿ ಹಾ ಹಾ ಎಂದು ಉಸಿರು ಬಿಡುತ್ತಿದ್ದ.

“ಇದರಲ್ಲಿ ಯಾರ್ಯಾರಿಗೆ ಪಾಲು?” ಎಂದು ಕೇಳಿದೆ.

“ಪಾಲು ಅಂದ್ರೆ ಏನು ತಾತ?”

“ಯಾರ್ಯಾರಿಗೆ ಕೊಡ್ತೀರಿ ಅಂತ.”

“ಯಾರಿಗೂ ಇಲ್ಲ. ಡ್ಯಾಡಿ ಶಾಟ್ ಇಟ್. ಇಟ್ಸ್ ಅವರ್ಸ್.”

ನನಗೆ ಸಿಟ್ಟು ನೆತ್ತಿಗೇರಿತು. ಮಗು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಸತ್ತ ಜಿಂಕೆಯ ಮುಂದೆ ನಿಂತು ‘ಇದು ನಮ್ಮದು’ ಎನ್ನುವ ಮಾತನ್ನು ನಾನು ಇನ್ನೊಂದು ಬಾಯಿಂದ ಕೇಳಿದ್ದೆ. ಆಗ ನನಗೆ ನನ್ನ ಮೊಮ್ಮಗಳಷ್ಟೇ ವಯಸ್ಸು.

ಮೈಸೂರು ಬಿಟ್ಟು ಈ ದೇಶಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಇಲ್ಲಿಂದ ಉತ್ತರಕ್ಕೆ, ಬೋಳುಗುಡ್ಡಗಳ ಬುಡದಲ್ಲಿ, ಯಾವಾಗಲೂ ಕಲ್ಲಿದ್ದಲ ಹೊಗೆ ವಾಸನೆ ಬರುತ್ತಿದ್ದ ಒಂದು ಚಿಕ್ಕ ಊರು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಪ್ಪ ಡಾಕ್ಟರಾಗಿದ್ದ. ಆರಾರು ತಿಂಗಳ ಕೆಲಸ. ಆರು ತಿಂಗಳು ಮುಗಿಯುತ್ತಾ ಬಂದಾಗ ಅಪ್ಪನ ಮೇಲಿನವರು ಒಂದು ಕಾಗದ ಬರೆದುಕೊಡಬೇಕು. ಅವರನ್ನು ನಾವು ಮನೆಯಲ್ಲಿ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ‘ಇವನು ಒಳ್ಳೆಯ ಕೆಲಸಗಾರ’ ಎಂದು ಅವರು ಬರೆದರೆ ಇನ್ನಾರು ತಿಂಗಳು ಅನ್ನ. ಬರೆಯದಿದ್ದರೆ ಟ್ರಂಕು ಕಟ್ಟಬೇಕು. ದೊಡ್ಡ ಡಾಕ್ಟರ ಹೆಸರು ಬಂದಾಗೆಲ್ಲ ಅಮ್ಮ ದೇವರ ಪಟದ ಕಡೆ ನೋಡುತ್ತಿದ್ದಳು.

ಆ ದೊಡ್ಡ ಡಾಕ್ಟರಿಗೆ ಬೇಟೆಯ ಹುಚ್ಚು. ಗುಡ್ಡದ ಮೇಲೆ ಒಂದು ದೊಡ್ಡ ಮನೆತನದ ಕಾಡಿತ್ತು, ವಾರದ ಕೊನೆಗೆ ಅಲ್ಲಿಗೆ ಹೋಗುತ್ತಿದ್ದರು. ಒಂದು ದಿನ, ಚೀಲ ಹೊರಲು ಒಬ್ಬ ಬೇಕಾಗಿತ್ತೋ ಏನೋ, ಅಪ್ಪನನ್ನೂ ಕರೆದರು. ಅಪ್ಪ ಅದುವರೆಗೆ ಕೋವಿ ಮುಟ್ಟಿದವನಲ್ಲ. ಆ ಕಾಡಿನ ಕಾವಲಿನ ಮುದುಕ ಒಬ್ಬನಿದ್ದ. ಮೊಣಕಾಲುದ್ದದ ಚಡ್ಡಿ, ಬಾಯಲ್ಲಿ ಪೈಪು, ಹಿಂದೊಂದು ಕರಿ ನಾಯಿ. ಅವನು ಅಪ್ಪನಿಗೆ ಗುರಿ ಕಲಿಸಿದ. ಸೂಜಿ ಹಿಡಿದು ಪಳಗಿದ ಕೈ, ನಡುಗಲಿಲ್ಲ. ಆ ಚಳಿಗಾಲ ಎರಡು ಸಲ ಹೊಡೆದ, ಎರಡು ಹೆಣ್ಣು ಕಡವೆ ಬಿದ್ದವು. ದೊಡ್ಡ ಡಾಕ್ಟರು ಅದೇ ಚಳಿಗಾಲ ಎಷ್ಟು ಗುಂಡು ಗಾಳಿಗೆ ಬಿಟ್ಟರೋ ನನಗೆ ಗೊತ್ತಿಲ್ಲ. ಅಪ್ಪ ಹೇಳುತ್ತಿರಲಿಲ್ಲ, ಮುಗುಳ್ನಗುತ್ತಿದ್ದ.

ಎರಡು ಸಲವೂ ಮನೆಗೆ ಬಂದದ್ದು ಪೇಪರಿನಲ್ಲಿ ಸುತ್ತಿದ ಲಿವರ್ ಮಾತ್ರ. ಉಳಿದದ್ದನ್ನು ಅಲ್ಲೇ ಒಂದು ಕಲ್ಲುಮನೆಯಲ್ಲಿ ನೇತುಹಾಕಿದರು. ಅಪ್ಪ ಏನೂ ಕೇಳಲಿಲ್ಲ. ಅದಕ್ಕೆ ಕಾರಣವಿತ್ತು. ಅಪ್ಪನ ಹಳ್ಳಿ ಅರಕಲಗೂಡಿನ ಕಡೆ. ಅಲ್ಲಿ ಬೇಟೆಯ ಪಾಲನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಕೊಡುವವನಿಗೆ ಅವಮಾನ. ಕೋವಿಯ ಶಬ್ದ ಕಿವಿಗೆ ಬಿದ್ದವರಿಗೆಲ್ಲ ಪಾಲು ಉಂಟು. ಹೊಡೆದವನಿಗೆ, ಹೊತ್ತವನಿಗೆ, ನಾಯಿಗೆ, ದಾರಿಯಲ್ಲಿ ಸಿಕ್ಕವನಿಗೆ, ಬಸುರಿ ಇದ್ದರೆ ಹೊಟ್ಟೆಯೊಳಗಿನ ಕೂಸಿಗೆ. ಜಗಳವಾಡಿ ಮಾತು ಬಿಟ್ಟವನ ಮನೆಗೂ ಮುತ್ತುಗದ ಎಲೆಯಲ್ಲಿ ಕಟ್ಟಿ ಕಳಿಸುತ್ತಾರೆ. ಅಪ್ಪ ಈ ಪದ್ಧತಿಯಲ್ಲಿ ಬೆಳೆದವನು. ಇಂಗ್ಲಿಷರು ಮೆಲ್ಲಗೆ ಕೆಲಸ ಮಾಡುವ ಜನ, ಮಾಂಸ ಹದವಾದ ಮೇಲೆ ಪಾಲು ಹಾಕುತ್ತಾರೆ ಎಂದುಕೊಂಡ.

ಹೀಗಿರುವಾಗ ಯುಗಾದಿ ಬಂತು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ನಮ್ಮ ಕಡೆ ಮಾಂಸದಡುಗೆ ಆಗಲೇಬೇಕು. ಹಿಂದೆ ಆ ದಿನ ಊರ ಗಂಡಸರೆಲ್ಲ ಬೇಟೆಗೆ ಹೊರಡುತ್ತಿದ್ದರಂತೆ. ಆ ವರ್ಷ ಹೊಸತೊಡಕು ಭಾನುವಾರ ಬಿತ್ತು. ಒಂದು ಕುಂಟು ಗಂಡುಕಡವೆ ಹೊಸ ನಾಟಿಯ ಸಸಿಗಳನ್ನು ಹಾಳು ಮಾಡುತ್ತಿದೆ, ಭಾನುವಾರ ಬನ್ನಿ ಎಂದು ಕಾವಲಿನ ಮುದುಕ ಹೇಳಿ ಕಳಿಸಿದ್ದ. ಅಪ್ಪನಿಗೆ ಇದು ದೈವಸಂಕಲ್ಪದಂತೆ ಕಂಡಿತು. ಬರ್ಮಿಂಗ್‌ಹ್ಯಾಮ್, ಲೀಡ್ಸ್, ಮ್ಯಾಂಚೆಸ್ಟರ್‌ಗಳಲ್ಲಿದ್ದ ಆರು ಕನ್ನಡದ ಡಾಕ್ಟರ ಮನೆಗಳಿಗೆ ಫೋನ್ ಮಾಡಿ, “ಹೊಸತೊಡಕಿಗೆ ಬನ್ನಿ, ಕಡವೆ ಪಾಲು ತಗೊಂಡು ಹೋಗಿ” ಎಂದ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರಂತೆ. ಅದಿನ್ನೂ ಗುಡ್ಡದ ಮೇಲೆ ಮೇಯ್ತಾ ಇದೆ ಕಣ್ರೀ!” ಎಂದಳು ಅಮ್ಮ.

“ನಮ್ಮೋರೆಲ್ಲ ಇಷ್ಟಿಷ್ಟು ದೂರ ಇದಾರೆ. ಕೋವಿ ಶಬ್ದ ಅವರಿಗೆ ಹೆಂಗೆ ಕೇಳ್ಬೇಕು? ಅದಕ್ಕೇ ಫೋನು” ಎಂದ ಅಪ್ಪ.

ಬೆಳಗ್ಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೊರಡುವಾಗ ಅಮ್ಮ ಮಸಾಲೆಗೆ ಕೂತಿದ್ದಳು. ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಒಣಮೆಣಸಿನಕಾಯಿ ಹುರಿದ ಘಾಟಿಗೆ ಅಕ್ಕ ಸೀನುತ್ತಿದ್ದಳು. ತೆಂಗಿನಕಾಯಿ ಸಿಗುತ್ತಿರಲಿಲ್ಲ. ಕೇಕಿಗೆ ಹಾಕುವ ಒಣ ಕೊಬ್ಬರಿ ಪುಡಿಯ ಪೊಟ್ಟಣ ಒಡೆದು ಬಿಸಿನೀರಿನಲ್ಲಿ ನೆನೆಸಿದ್ದಳು. ಊರಿಂದ ಹಡಗಿನಲ್ಲಿ ಬಂದ ರಾಗಿಹಿಟ್ಟಿನ ಕೊನೆಯ ಡಬ್ಬಿಯನ್ನೂ ಅವತ್ತು ತೆಗೆದಳು.

ಗುಡ್ಡದ ಮೇಲಿನ ಗಾಳಿ ಕಿವಿಯೊಳಗೆ ಸೂಜಿ ಚುಚ್ಚುತ್ತಿತ್ತು. ಕಾಲಿಟ್ಟಲ್ಲೆಲ್ಲ ನೆಲ ಸ್ಪಂಜಿನಂತೆ ಕರಿನೀರು ಕಕ್ಕುತ್ತಿತ್ತು. ಟಿಟ್ಟಿಭಗಳು ನೆತ್ತಿಯ ಮೇಲೆ ಕಿರುಚಿಕೊಂಡು ಸುತ್ತುತ್ತಿದ್ದವು. ಮುದುಕ, ದೊಡ್ಡ ಡಾಕ್ಟರು, ಅಪ್ಪ, ಕೊನೆಗೆ ನಾನು, ಹೀಗೆ ಸಾಲಾಗಿ ಹೋದೆವು. ಆಮೇಲೆ ಬಗ್ಗಿಕೊಂಡು, ಆಮೇಲೆ ಹೊಟ್ಟೆಯ ಮೇಲೆ ತೆವಳಿಕೊಂಡು. ಒದ್ದೆ ನಾಯಿಯ ವಾಸನೆ ಮತ್ತು ಪೈಪಿನ ಹೊಗೆಸೊಪ್ಪಿನ ವಾಸನೆ ನನ್ನ ಮೂಗಿನಲ್ಲಿ ಇವತ್ತಿಗೂ ಇದೆ. ಇದ್ದಕ್ಕಿದ್ದಂತೆ ಇಳಿಜಾರಿನಲ್ಲಿ ಕಡವೆ ಕಂಡಿತು. ಕಂದು ಬಣ್ಣ, ಕೆಸರು ಮೆತ್ತಿದ ಹೊಟ್ಟೆ, ಮೇಲೆತ್ತಿಕೊಂಡ ಒಂದು ಹಿಂಗಾಲು. ಅದಕ್ಕೆ ಒಂದೇ ಕೊಂಬಿತ್ತು. ಆ ಕಾಲಕ್ಕೆ ಅವು ಕೊಂಬು ಉದುರಿಸುತ್ತವೆ, ಇನ್ನೊಂದು ಆಗಲೇ ಬಿದ್ದುಹೋಗಿತ್ತು. ನನ್ನ ನೆನಪಿನಲ್ಲಂತೂ ಒಂದೇ.

ಮೊದಲ ಗುಂಡು ದೊಡ್ಡ ಡಾಕ್ಟರದು. ಅದು ಕಡವೆಯ ಬೆನ್ನ ಮೇಲಿಂದ ಹಾರಿ ಆಚೆಯ ಕಲ್ಲಿಗೆ ಬಡಿದು ಕಿಡಿ ಎದ್ದಿತು. ಕಡವೆ ಕುಂಟುತ್ತಾ ದಿಣ್ಣೆ ಹತ್ತಿ ಮರೆಯಾಯಿತು. ಮತ್ತೆ ಎರಡು ಗಂಟೆ ಹುಡುಕಿ, ಸುತ್ತು ಹಾಕಿ, ನಮ್ಮ ವಾಸನೆ ಮುಟ್ಟದಂತೆ ಎದುರುಗಾಳಿಯಲ್ಲಿ ಅದರ ಹತ್ತಿರ ಹೋದೆವು. ಈ ಸಲ ಮುದುಕ ಕೋವಿಯನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಉಸಿರು ಬಿಟ್ಟ, ಹಿಡಿದ, ಒತ್ತಿದ. ಕಡವೆ ಎರಡು ಹೆಜ್ಜೆ ಇಟ್ಟು, ಯಾರೋ ಕರೆದವರಂತೆ ತಲೆ ತಿರುಗಿಸಿ, ಮಂಡಿಯೂರಿತು. ನನಗೆ ಅಳು ಬಂತು. ಅಪ್ಪನೂ ಮಂಡಿಯೂರಿ ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡ.

ಗಂಡುಕಡವೆಯನ್ನು ಮೊದಲ ಸಲ ಹೊಡೆದವನ ಮುಖಕ್ಕೆ ಅದರ ರಕ್ತ ಬಳಿಯುವುದು ಅಲ್ಲಿನ ಪದ್ಧತಿ. ಮುದುಕ ಎರಡು ಬೆರಳಿನಲ್ಲಿ ರಕ್ತ ಅದ್ದಿ ತಂದ. ಅಪ್ಪ ಪ್ರಸಾದಕ್ಕೆ ಬಗ್ಗಿದಂತೆ ತಲೆ ಬಗ್ಗಿಸಿದ. ಹಣೆಗೊಂದು ಅಡ್ಡಗೆರೆ, ಎರಡು ಕೆನ್ನೆಗೆ ಎರಡು ಗೆರೆ. “ಮನೆ ಮುಟ್ಟೋವರೆಗೆ ಒರೆಸಬಾರದು” ಎಂದ ಮುದುಕ. ಅಪ್ಪನ ಮುಖದಲ್ಲಿ ಅವತ್ತಿನಷ್ಟು ಸಂತೋಷವನ್ನು ನಾನು ಮುಂದೆ ಎಂದೂ ನೋಡಲಿಲ್ಲ.

ಆ ಸಂತೋಷದಲ್ಲೇ ಅಪ್ಪ ಮುದುಕನ ಚಾಕು ತೆಗೆದುಕೊಂಡು, ಬೆರಳು ಮಡಿಸಿ ಪಾಲು ಎಣಿಸುತ್ತಾ, ಕಡವೆಯ ಹಿಂದೊಡೆಗೆ ಕೈ ಹಾಕಿದ.

“ಏನು ಮಾಡುತ್ತಿದ್ದೀಯ?” ದೊಡ್ಡ ಡಾಕ್ಟರು ಕೇಳಿದರು.

“ಪಾಲು ಹಾಕುತ್ತಿದ್ದೇನೆ ಸರ್. ನಿಮ್ಮದೇ ಮೊದಲು. ಮನೆಗೆ ಆರು ಸಂಸಾರ ಬರುತ್ತಿವೆ.”

“ಇದು ಕಾಡಿನ ಮಾಲೀಕರ ಸ್ವತ್ತು. ನಾಳೆ ಕಸಾಯಿಯವನ ವ್ಯಾನು ಬರುತ್ತದೆ. ನಿನಗೆ ಲಿವರ್ ಸಿಗುತ್ತದಲ್ಲ?”

ಅಪ್ಪ ಇದನ್ನು ತಮಾಷೆ ಎಂದುಕೊಂಡು ನಕ್ಕ. ಹಳ್ಳಿಯಲ್ಲಿ ಪಾಲು ಹಾಕುವವನು ಮೊದಲು ಹೀಗೆಯೇ ಬಿಗುಮಾನ ತೋರಿಸುತ್ತಾನೆ. ನಗುತ್ತಲೇ ಚಾಕು ಇಟ್ಟ. ದೊಡ್ಡ ಡಾಕ್ಟರ ಕುತ್ತಿಗೆ ಕೆಂಪಾಯಿತು.

“ಚಾಕು ಕೆಳಗಿಡು. ಇದು ನಮ್ಮದು. ನಿಮ್ಮ ಬಯಲು ಸಂತೆಯಲ್ಲ. ನಿನ್ನನ್ನು ಇಲ್ಲಿಗೆ ಕರೆತಂದವನು ನಾನು. ಮುಂದಿನ ವಾರ ನಿನ್ನ ಕಾಗದ ನನ್ನ ಮೇಜಿಗೆ ಬರುತ್ತದೆ, ಜ್ಞಾಪಕ ಇದೆಯಷ್ಟೇ?”

ಅಪ್ಪ ಎದ್ದು ನಿಂತ. ಮುಖದ ಮೇಲೆ ರಕ್ತದ ಮೂರು ಗೆರೆ, ಬಾಯಲ್ಲಿ “ಸಾರಿ ಸರ್”. ಮತ್ತೊಮ್ಮೆ “ಸಾರಿ ಸರ್”. ದೊಡ್ಡ ಡಾಕ್ಟರು ಬೆನ್ನು ತಿರುಗಿಸಿ ತಮ್ಮ ಜೀಪಿನ ಕಡೆ ಹೊರಟ ಮೇಲೂ ಆ ಬೆನ್ನಿಗೆ ಇನ್ನೊಂದು. ನಾನು ಆ ಮನುಷ್ಯನನ್ನು ದ್ವೇಷಿಸಿದೆ. ಆದರೆ ಅಪ್ಪನ ಆ ಮೂರನೆಯ ‘ಸಾರಿ’ಯ ಮೇಲೆ ಬಂದ ಸಿಟ್ಟು ಅದಕ್ಕಿಂತ ದೊಡ್ಡದು. ಎರಡು ಸಾಕಾಗಿತ್ತು. ಅಥವಾ ಒಂದು.

ಮುದುಕ ತಲೆ ಅಲ್ಲಾಡಿಸುತ್ತಾ ಲಿವರನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಅಪ್ಪ ಕಲ್ಲಿನ ಮೇಲೆ ಪೇಪರ್ ಬಿಚ್ಚಿ, ಹೆಬ್ಬೆರಳಿನಷ್ಟು ಒಂದು ತುಂಡು ಕುಯ್ದು ನಾಯಿಗೆ ಹಾಕಿದ. ಇನ್ನೊಂದು ತುಂಡನ್ನು ಮುದುಕನ ಕೈಯಲ್ಲಿಟ್ಟ. ಮುದುಕ ಅದನ್ನೇ ನೋಡುತ್ತಾ ನಿಂತ. ಆಮೇಲೆ ಟೋಪಿ ತೆಗೆದು, ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಅಪ್ಪ ಜೀಪು ಹೋದ ದಾರಿ ನೋಡಿ, “ಅವರಿಗೆ ನಾಳೆ ಆಸ್ಪತ್ರೇಲಿ ಕೊಟ್ರಾಯ್ತು” ಎಂದ.

“ಅವರಿಗ್ಯಾಕೆ?” ಎಂದು ನಾನು ಕಿರುಚಿದೆ.

“ಶಬ್ದ ಕೇಳಿದಾರಲ್ಲ ಮಗ” ಎಂದ ಅಪ್ಪ.

ಮನೆ ಮುಂದೆ ನಾಲ್ಕೈದು ಕಾರುಗಳು ಆಗಲೇ ನಿಂತಿದ್ದವು. ಬಾಗಿಲು ತೆಗೆದರೆ ಮಸಾಲೆ ಕುದಿಯುವ ವಾಸನೆ, ಒದ್ದೆ ಕೋಟುಗಳ ವಾಸನೆ, ಮಕ್ಕಳ ಗದ್ದಲ. ಒಲೆಯ ಮೇಲೆ ಎರಡು ದೊಡ್ಡ ಪಾತ್ರೆಗಳು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವು. ಲೀಡ್ಸ್‌ನಿಂದ ಬಂದಿದ್ದ ಧಾರವಾಡದ ಡಾಕ್ಟರೊಬ್ಬರು ಅಪ್ಪನ ಮುಖ ನೋಡಿ, “ಏನ್ರೀ ಗೌಡ್ರ, ನೀವು ಕಡವಿಗೆ ಹೊಡದ್ರೋ, ಕಡವಿನ ನಿಮಗ ಹೊಡೀತೋ?” ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪ ಕಂಕುಳಲ್ಲಿದ್ದ ಪೇಪರ್ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ನಗು ನಿಂತಿತು.

“ಕಡವೆ ಬಿತ್ತು. ಪಾಲು ಇಷ್ಟೇ ಬಂತು” ಎಂದ ಅಪ್ಪ. ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿದ್ದ ಎಲ್ಲ ಗಂಡಸರಿಗೂ ಒಬ್ಬೊಬ್ಬ ದೊಡ್ಡ ಡಾಕ್ಟರಿದ್ದ ಎಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ.

ಅಪ್ಪ ಮುಖ ತೊಳೆದು ಬಂದು ಹಲಗೆಯ ಮುಂದೆ ಕೂತ. ತಲೆ ಎಣಿಸಿದ. ಗಂಡಸರು, ಹೆಂಗಸರು, ಮಕ್ಕಳು, ಬರ್ಮಿಂಗ್‌ಹ್ಯಾಮಿನ ಬಸುರಿ ಹೆಂಗಸಿನ ಹೊಟ್ಟೆಯ ಕೂಸು. ಆಪರೇಷನ್ ಮಾಡುವವನಂತೆ ಗೆರೆ ಕೊಯ್ದು, ಒಂದು ತುಂಡು ದೊಡ್ಡದಲ್ಲ, ಒಂದು ತುಂಡು ಚಿಕ್ಕದಲ್ಲ, ಎಲ್ಲ ಹೆಬ್ಬೆರಳಿನಷ್ಟೇ. ಮಾಂಸ ತಿನ್ನದ ಎರಡು ಸಂಸಾರಗಳೂ ಬಂದಿದ್ದವು. ಅವರಿಗೆಂದು ಆಲೂಗೆಡ್ಡೆಯನ್ನು ಅದೇ ಅಳತೆಗೆ ಕತ್ತರಿಸಿ ಬೇರೆ ಪಾತ್ರೆಗೆ ಹಾಕಿದ. ಅಮ್ಮ ಕಣ್ಣೊರೆಸಿಕೊಳ್ಳುತ್ತಾ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿದಳು. ಈರುಳ್ಳಿ ಘಾಟು ಎಂದಳು. ಪ್ರತಿ ತಟ್ಟೆಗೆ ಒಂದು ತುಂಡು, ತುಂಬಾ ಸಾರು. ಧಾರವಾಡದವರು ತಮ್ಮ ತುಂಡನ್ನು ಎತ್ತಿ ಹಿಡಿದು, “ಇಡೀ ಕಡವಿ ತಿಂದಂಗಾತು ನೋಡ್ರಿ” ಎಂದರು. 

ಕೊನೆಗೆ ಒಂದು ತುಂಡು ಉಳಿಯಿತು. ಅಪ್ಪ ಅದನ್ನು ಗಟ್ಟಿ ಸಾರಿನ ಜೊತೆ ಚಿಕ್ಕ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಅಡಿಗೆಮನೆ ಕಿಟಕಿಯ ತಂಪು ಕಟ್ಟೆಯ ಮೇಲಿಟ್ಟ. ದೊಡ್ಡ ಡಾಕ್ಟರ ಪಾಲು.

ಈಗ ಕಷ್ಟದ ಜಾಗಕ್ಕೆ ಬಂದೆ. ಐವತ್ತು ವರ್ಷಗಳಿಂದ ನಾನು ಹೇಳಿಕೊಂಡು ಬಂದದ್ದು ಹೀಗೆ: ನೆಂಟರೆಲ್ಲ ಕೋಟು ಹಾಕಿಕೊಳ್ಳುವ ಗಲಾಟೆಯಲ್ಲಿದ್ದಾಗ ನಾನು ಆ ಡಬ್ಬಿಯನ್ನು ಕದ್ದು ಹಿತ್ತಿಲಿಗೆ ಒಯ್ದೆ. ನನ್ನ ಪಾಲನ್ನು ಸಿಟ್ಟಿನಿಂದ ಮೊದಲೇ ಮುಟ್ಟಿರಲಿಲ್ಲ. ಆ ಮನುಷ್ಯನ ಪಾಲನ್ನೂ ಬೆಕ್ಕುಗಳಿಗೆ ಎಸೆದೆ. ಇದು ಒಂಬತ್ತು ವರ್ಷದ ಹುಡುಗನ ಸ್ವಾಭಿಮಾನ. ಹೋದ ಶನಿವಾರ ಗ್ಯಾರೇಜಿನಲ್ಲಿ ಮೊಮ್ಮಕ್ಕಳಿಗೂ ಹೀಗೇ ಹೇಳಿದೆ. ಮೊಮ್ಮಗ ಚಪ್ಪಾಳೆ ಕೂಡ ತಟ್ಟಿದ.

ಭಾನುವಾರ ಬೆಳಗ್ಗೆ ಲೀಡ್ಸ್‌ನಿಂದ ಅಕ್ಕ ಫೋನ್ ಮಾಡಿದಳು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೊಮ್ಮಗಳು ಅವಳಿಗೆ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟಿದ್ದಳು.

“ಎಸೆದೆಯೇನೋ? ಯಾವೋನೋ ನೀನು?” ಎಂದಳು ಅಕ್ಕ. “ಗೋಡೆ ಮರೇಲಿ ಕೂತ್ಕೊಂಡು ಗುಳುಂ ಅಂತ ನುಂಗಿ ಬೆರಳು ನೆಕ್ತಾ ಇದ್ದೆ. ನಾನೇ ಕಣ್ಣಾರೆ ನೋಡಿದೀನಿ.”

“ಇಲ್ಲ. ಅವತ್ತು ನಾನು ಏನೂ ತಿನ್ನಲಿಲ್ಲ.”

“ನಿನ್ನ ಪಾಲು ತಿಂದು ಸಾರು ಎರಡು ಸಲ ಹಾಕಿಸ್ಕೊಂಡೆ ಕಣೋ. ತಡಿ, ನೀನು ಮೈಸೂರು ಅಜ್ಜಿಗೆ ಬರೆದ ಕಾಗದ ಅಜ್ಜಿ ಪೆಟ್ಟಿಗೇಲಿ ಸಿಕ್ಕಿತ್ತು, ನನ್ನ ಹತ್ರಾನೇ ಇದೆ.”

ನೀಲಿ ಕಾಗದವನ್ನು ಹುಡುಕಿ ತಂದು ಓದಿದಳು. ‘ಅಪ್ಪ ಕಡವೆ ಹೊಡೆದರು. ಅದಕ್ಕೆ ಎರಡು ದೊಡ್ಡ ಕೊಂಬು ಇತ್ತು. ಎಲ್ಲರೂ ಹೊಟ್ಟೆ ತುಂಬ ತಿಂದೆವು.’ ಅಕ್ಷರ ನನ್ನದೇ ಇರಬಹುದು, ಆದರೆ ಮಾತು ಅಮ್ಮ ಹೇಳಿ ಬರೆಸಿದ್ದು ಎಂದು ನಾನು ವಾದಿಸಿದೆ. ಎರಡು ಕೊಂಬು ಸುಳ್ಳಾದರೆ ಹೊಟ್ಟೆ ತುಂಬ ತಿಂದದ್ದೂ ಸುಳ್ಳೇ. ಅಪ್ಪನ ಮುಖದ ರಕ್ತವೂ ಅವಳಿಗೆ ನೆನಪಿಲ್ಲವಂತೆ. ರಕ್ತವಿಲ್ಲದಿದ್ದರೆ ಧಾರವಾಡದವರು ಆ ತಮಾಷೆ ಯಾಕೆ ಮಾಡುತ್ತಿದ್ದರು ಎಂದು ಕೇಳಿದೆ. ತಮಾಷೆಯೂ ನೆನಪಿಲ್ಲ ಎಂದಳು. ಸಿಟ್ಟಿನಿಂದ ಫೋನ್ ಇಟ್ಟೆ.

ಇಟ್ಟ ಮೇಲೆ ಮಾರನೆಯ ಬೆಳಗ್ಗೆ ಅಪ್ಪ ಹೇಳಿದ ಮಾತು ಜ್ಞಾಪಕಕ್ಕೆ ಬಂತು. ಅದು ಮಾತ್ರ ನನಗೆ ಅಕ್ಷರ ಅಕ್ಷರ ನೆನಪಿದೆ. ಅಪ್ಪ ಟೈ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟವನು ಕಿಟಕಿಯ ಕಟ್ಟೆ ನೋಡಿದ. ಡಬ್ಬಿ ಇರಲಿಲ್ಲ. ತೊಳೆದ ಪಾತ್ರೆಗಳ ಸಾಲಿನಲ್ಲಿ ಬೋರಲಾಗಿ ಕೂತಿತ್ತು.

“ಬೆಕ್ಕು ತಿಂತೇನೋ” ಎಂದೆ ನಾನು.

“ಬೆಕ್ಕು ಡಬ್ಬಿ ತೊಳೆದು ಬೋರಲು ಹಾಕಲ್ಲ ಮಗ” ಎಂದ ಅಪ್ಪ. ಬೈಯಲಿಲ್ಲ. ಖಾಲಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಇಟ್ಟ. “ಅವರ ಪಾಲು ಇನ್ನು ನಿನ್ನ ತಲೆ ಮೇಲೆ” ಎಂದ.

ಇಷ್ಟು ವರ್ಷ ಈ ಮಾತನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೂ ಒಮ್ಮೆಯೂ ಅದನ್ನು ಪರೀಕ್ಷೆಗೆ ಹಾಕಲಿಲ್ಲ. ಎಸೆದವನು ಡಬ್ಬಿಯನ್ನು ಅಲ್ಲೇ ಬಿಸಾಕಿ ಬರುತ್ತಾನೆ. ತೊಳೆದು ಇಡುವವನು ತಿಂದವನು. ಅಕ್ಕ ಹೇಳಿದ್ದೇ ನಿಜ. ನಾನು ಆ ತುಂಡನ್ನು ತಿಂದೆ, ರುಚಿಯಾಗಿತ್ತು, ಇನ್ನೂ ಹಸಿವಾಗಿತ್ತು. ಸ್ವಾಭಿಮಾನವೆಲ್ಲ ಆಮೇಲೆ ನಾನೇ ಅಂಟಿಸಿಕೊಂಡ ಚೀಟಿ.

ದೊಡ್ಡ ಡಾಕ್ಟರು ಅಪ್ಪನ ಕಾಗದಕ್ಕೆ ಸಹಿ ಹಾಕಿದರೋ ಇಲ್ಲವೋ ಗೊತ್ತಿಲ್ಲ. ಬೇಸಿಗೆಗೆ ಮುಂಚೆಯೇ ನಾವು ಟ್ರಂಕು ಕಟ್ಟಿ ಬರ್ಮಿಂಗ್‌ಹ್ಯಾಮಿಗೆ ಹೊರಟೆವು, ಅಪ್ಪ ಅಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರಾದ. ಡಬ್ಬಿ ಆಸ್ಪತ್ರೆಗೆ ತಲುಪಿದ್ದರೆ ಬೇರೆಯಾಗುತ್ತಿತ್ತೇ? ಹಾಗೆನ್ನಲು ನನ್ನಲ್ಲಿ ಆಧಾರವಿಲ್ಲ. ಅಪ್ಪ ಮತ್ತೆ ಕೋವಿ ಮುಟ್ಟಲಿಲ್ಲ ಎನ್ನುವುದು ಮಾತ್ರ ನಿಜ, ಅಕ್ಕನೂ ಒಪ್ಪುತ್ತಾಳೆ.

ಭಾನುವಾರ ಮಧ್ಯಾಹ್ನ ಮೊಮ್ಮಕ್ಕಳನ್ನು ಗ್ಯಾರೇಜಿಗೆ ಕರೆದು ತಪ್ಪೊಪ್ಪಿಕೊಂಡೆ. ಮೊಮ್ಮಗನಿಗೆ ಬಹಳ ನಿರಾಶೆಯಾಯಿತು. “ಈಗ ಪಾಲು ಹಾಕೋಣ, ಶಬ್ದ ಕೇಳಿದವರಿಗೆಲ್ಲ” ಎಂದೆ.

“ಬಟ್ ತಾತ,” ಮೊಮ್ಮಗಳು ಹೇಳಿದಳು, “ಡ್ಯಾಡಿ ಗನ್‌ಗೆ ಸೈಲೆನ್ಸರ್ ಇದೆ. ನೋಬಡಿ ಹರ್ಡ್ ಇಟ್.”

ನಾನು ಫ್ರೀಜರಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟೆ. ನನ್ನ ಕಾಲದಲ್ಲಿ ಒಂದು ಗುಂಡು ಹಾರಿದರೆ ಇಡೀ ಗುಡ್ಡಕ್ಕೆ ಕೇಳುತ್ತಿತ್ತು, ಕೇಳಿಸದ ದೂರಕ್ಕೆ ಅಪ್ಪ ಫೋನ್ ಮಾಡುತ್ತಿದ್ದ. ಇವರ ಕಾಲದಲ್ಲಿ ಕೋವಿಗೇ ಬಾಯಿಲ್ಲ. ಪಕ್ಕದ ಮರದ ಹಕ್ಕಿಗೂ ಗೊತ್ತಾಗದಂತೆ ಜಿಂಕೆ ಬೀಳುತ್ತದೆ, ಚೀಲದೊಳಗೆ ಹೋಗುತ್ತದೆ, ಮುಚ್ಚಳ ಮುಚ್ಚುತ್ತದೆ. ಹಾಗಾದರೆ ಪಾಲು ಯಾರಿಗೆ?

ಅಷ್ಟರಲ್ಲಿ ಅಳಿಯನ ಫೋನು ಟಿಂಗ್ ಎಂದಿತು. ಬರ್ಮಿಂಗ್‌ಹ್ಯಾಮ್ ಬಳಿಯ ಟಿವಿಡೇಲ್ ಗುಡಿಯಲ್ಲಿ ಸಿಗುವ ಕನ್ನಡದವರೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು. ಮೂಸ್ ಪಕ್ಕ, ಜಿಂಕೆಗಳ ಪಕ್ಕ ಅಳಿಯ ಮಂಡಿಯೂರಿ ಕೂತ ಫೋಟೋಗಳು. ಕೆಳಗೆ ಹೆಬ್ಬೆರಳುಗಳ ಸಾಲು.

“ಇವರೆಲ್ಲ ನೋಡಿದಾರಲ್ಲ” ಎಂದೆ. “ಹೆಬ್ಬೆರಳು ಎತ್ತಿದವರಿಗೆಲ್ಲ ಒಂದೊಂದು ಪಾಲು.”

“ಮಾವ, ವರ್ಷಕ್ಕಾಗುತ್ತೆ ಅಂತ ಇಟ್ಟಿದ್ದೆ!” ಎಂದ ಅಳಿಯ.

“ಹೆಬ್ಬೆರಳಿನಷ್ಟೇ ಬರಲಿ. ನಮ್ಮಪ್ಪ ಒಂದು ಲಿವರಿನಲ್ಲಿ ಊರಿಗೆಲ್ಲ ಹಂಚಿದ. ನಿನ್ನ ಹತ್ತಿರ ಮೂರು ಜಿಂಕೆ ಇದೆ.”

“ನೀವು ಒಂದ್ಸಲ ಹಿಡಿದ್ರೆ ಬಿಡೋರಲ್ಲ ಬಿಡಿ” ಎಂದು ಗೊಣಗಿದ. ಆದರೂ ಚಾಕು ತರಲು ಹೋದ. ಮೊಮ್ಮಗಳು ಹೆಸರು ಬರೆಯಲು ಕೂತಳು. ಮಾಂಸ ತಿನ್ನದವರಿಗೆ ಆಲೂಗೆಡ್ಡೆ ಎಂದು ತಾನೇ ನೆನಪಿಟ್ಟು ಹೇಳಿದಳು. ಪಟ್ಟಿ ಮುಗಿಯಿತು ಎಂದಾಗ ನಾನು, “ಇನ್ನೊಬ್ಬ ಇದ್ದಾನೆ” ಎಂದು ಎದುರುಮನೆಯ ಕಡೆ ತೋರಿಸಿದೆ.

“ತಾತ! ಹೀ ಈಸ್ ಹಾರಿಬಲ್.”

“ಹಾರಿಬಲ್ಲೇ. ಆದರೆ ಕಾರಿನಿಂದ ಇಳಿಸೋದನ್ನ ನೋಡಿದಾನೆ.”

ಅವನ ಪಾಲನ್ನು ಒಂದು ಚಿಕ್ಕ ಸ್ಟೀಲ್ ಡಬ್ಬಿಗೆ ಹಾಕಿ ನಾನೇ ಹೊರಟೆ. ಡಬ್ಬಿ ಮಂಜುಗಡ್ಡೆಯಂತೆ ಕೈ ಕೊರೆಯುತ್ತಿತ್ತು. ರಸ್ತೆಯ ನಡುವೆ ಹೋಗುವಾಗ ಹಿಂದಿನಿಂದ ಮೊಮ್ಮಗ ಬೀದಿಗೆಲ್ಲ ಕೇಳುವಂತೆ ಕೂಗಿದ, ಅದೂ ಕನ್ನಡದಲ್ಲಿ: “ತಾತಾ, ದಾರೀಲಿ ತಿನ್ಬೇಡಾ!”

ಎದುರುಮನೆಯವನು ಅರ್ಧ ಬಾಗಿಲು ತೆಗೆದ. ಡಬ್ಬಿ ನೋಡಿದ, ನನ್ನ ಮುಖ ನೋಡಿದ. “ಜಿಂಕೆ. ನಿನ್ನ ಪಾಲು” ಎಂದೆ. ಅವನು ತೆಗೆದುಕೊಂಡ, ಬಾಗಿಲು ಹಾಕಿಕೊಂಡ. ಒಂದು ಥ್ಯಾಂಕ್ಸ್ ಇಲ್ಲ.

“ಥ್ಯಾಂಕ್ಸ್ ಅಂದನಾ?” ಗೇಟಿನ ಹತ್ತಿರ ಮೊಮ್ಮಗಳು ಕೇಳಿದಳು.

“ಇಲ್ಲ.”

“ಆರ್ ಯೂ ಸ್ಟಿಲ್ ಆಂಗ್ರೀ, ತಾತ?”

“ಹೌದು.”

ಅವಳು ಪಟ್ಟಿಯಲ್ಲಿ ಒಂದು ಗೆರೆ ಎಳೆದು, ಮುಂದಿನ ಹೆಸರು ಓದಿದಳು. ಮ್ಯಾಂಚೆಸ್ಟರಿನ ಫಾಲೋಫೀಲ್ಡ್‌ನಲ್ಲಿ ರೂಮು ಮಾಡಿಕೊಂಡಿರುವ ಬೀದರಿನ ಹುಡುಗ, ಹೆಬ್ಬೆರಳು ಎರಡು ಸಲ ಎತ್ತಿದ್ದನಂತೆ. ಅವನಿಗೆ ಎರಡು ಪಾಲು ಕೊಡಬೇಕೋ ಒಂದೋ ಎಂದು ಕೇಳಿದಳು. ಒಂದೇ ಎಂದೆ.